ತೋಟ ತುಡಿಕೆಯ ಚರಿತ್ರೆ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮಳೆ, ನಾಲೆ ಮತ್ತು ಫಲವೃಕ್ಷಗಳು

ವಿಜಯನಗರ ಕಾಲದ ದಾನಶಾಸನಗಳಲ್ಲಿ ಗ್ರಾಮವೊಂದನ್ನು ದತ್ತಿ ಬಿಡುವಾಗ ಅದರ ಎಲ್ಲೆಯೊಳಗಿನ ಭೂಮಿಯನ್ನು ಗದ್ದೆ, ಬೆದ್ದಲು, ತೋಟ, ತುಡಿಕೆ ಎಂದು ಹೆಸರಿಸುವ ವಾಡಿಕೆಯಿತ್ತು. ಗದ್ದೆಯೆಂದರೆ ನೀರಿನ ಭೂಮಿ, ಬೆದ್ದಲೆಂದರೆ ಮಳೆಯಾಶ್ರಿತ ಹೊಲ. ಇವೆರಡರ ಜೊತೆಯಲ್ಲಿ ತೋಟ ಮತ್ತು ತುಡಿಕೆಗಳನ್ನು, ಎಂದರೆ ದೊಡ್ಡ ತೋಟವನ್ನೂ ಕಿರುತೋಟವನ್ನೂ, ಬೇರೆಯಾಗಿಯೇ ಎಣಿಸಲಾಗುತ್ತಿತ್ತು. ನೀರಾರಂಭ, ಕಾಡಾರಂಭ ಎಂಬ ಇನ್ನೊಂದು ಜೋಡಿ ಮಾತೂ ಇದೇ ಶಾಸನಗಳಲ್ಲಿ ಬರುತ್ತದೆ. ಮುಂದೆ ಕಂದಾಯದ ಲೆಕ್ಕಪತ್ರಗಳು ಖುಷ್ಕಿ, ತರಿ, ಬಾಗಾಯ್ತು ಎಂಬ ಹೆಸರುಗಳನ್ನು ತಂದವು. ಭಾಷೆ ಬದಲಾಯಿತಾದರೂ ವಿಂಗಡಣೆಯ ಹಿಂದಿನ ತಿಳುವಳಿಕೆ ಹೆಚ್ಚು ಬದಲಾಗಲಿಲ್ಲ. ತೋಟವೆಂಬುದು ಪೂರ್ಣವಾಗಿ ನೀರಾವರಿಗೂ ಸೇರದ, ಪೂರ್ಣವಾಗಿ ಮಳೆಗೂ ಸೇರದ ಭೂಮಿ; ಅದು ಈ ಎರಡರ ನಡುವಿನ ಒಂದು ಒಪ್ಪಂದ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ತೋಟಗಳ ಇತಿಹಾಸವನ್ನು ಈ ಒಪ್ಪಂದವು ಮತ್ತೆ ಮತ್ತೆ ಮುರಿದು ಮತ್ತೆ ಕೂಡಿದ ಕಥೆಯಾಗಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಮೂರು ತಾಲ್ಲೂಕುಗಳು ಕರ್ನಾಟಕದ ದಕ್ಷಿಣ ಒಣವಲಯಕ್ಕೆ ಸೇರಿದವು. ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್. ಅದೂ ಒಂದೇ ಹಿಡಿತದಲ್ಲಿ ಬರುವುದಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗಿನ ಮಳೆ ಒಂದಿಷ್ಟು ಸುರಿದು, ಜೂನ್, ಜುಲೈಗಳಲ್ಲಿ ಮೋಡವಷ್ಟೇ ಸರಿದಾಡಿ, ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ನಿಜವಾದ ಮಳೆ ಬರುತ್ತದೆ. ಕಾವೇರಿ ಮತ್ತು ಶಿಂಷಾ ನದಿಗಳು ಇಲ್ಲಿ ಹರಿದರೂ ಅವುಗಳ ನೀರು ಬಂದದ್ದು ಕೊಡಗಿನ, ಮಲೆನಾಡಿನ, ತುಮಕೂರು ಕಡೆಯ ಮಳೆಯಿಂದ. ಆದುದರಿಂದ ಇಲ್ಲಿಯ ರೈತ ಎರಡು ಆಕಾಶಗಳನ್ನು ನೋಡಬೇಕಾಯಿತು: ತನ್ನ ಹೊಲದ ಮೇಲಿನದನ್ನೂ ತಲಕಾವೇರಿಯ ಮೇಲಿನದನ್ನೂ. ವಾರ್ಷಿಕ ಬೆಳೆಯಾದರೆ ಒಂದು ವರ್ಷದ ತಪ್ಪು ಆ ವರ್ಷಕ್ಕೇ ಮುಗಿಯುತ್ತದೆ. ಮಾವು, ತೆಂಗು ನೆಟ್ಟವನು ಮಾತ್ರ ಮೂವತ್ತು, ಐವತ್ತು, ಕೆಲವೊಮ್ಮೆ ನೂರು ವರ್ಷಗಳ ಹವಾಮಾನದ ಮೇಲೆ ಪಣ ಕಟ್ಟಿರುತ್ತಾನೆ. ಹವಾಮಾನ ಬದಲಾವಣೆಯ ಪ್ರಶ್ನೆ ತೋಟಗಾರನಿಗೆ ಗದ್ದೆಯವನಿಗಿಂತ ಕಠಿಣವಾಗಿರುವುದಕ್ಕೆ ಕಾರಣ ಇದೇ.

ಇಂತಹ ಇತಿಹಾಸಕ್ಕೆ ಆಕರಗಳ ಕೊರತೆ ದೊಡ್ಡದು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲು ಆರಂಭವಾದ ದಿನಾಂಕಗಳು 1354ರಿಂದ ದೊರೆಯುತ್ತವೆ. ಬೇಸಿಗೆ ಬಿಸಿಯಾಗಿದ್ದ ವರ್ಷ ದ್ರಾಕ್ಷಿ ಬೇಗ ಮಾಗುತ್ತದೆ. ತಂಪಾಗಿದ್ದ ವರ್ಷ ತಡವಾಗುತ್ತದೆ. ಈ ಸರಳ ಸಂಗತಿಯನ್ನು ಆಧರಿಸಿ ಇತಿಹಾಸಕಾರ ಇಮ್ಯಾನ್ಯುಯಲ್ ಲೆ ರಾಯ್ ಲಾದುರಿ 1967ರಲ್ಲಿ ಸಾವಿರ ವರ್ಷಗಳ ಹವಾಮಾನ ಚರಿತ್ರೆಯನ್ನು ಬರೆದರು. 2019ರಲ್ಲಿ ಪ್ರಕಟವಾದ ಬೋನ್ ಪಟ್ಟಣದ ದಿನಾಂಕಗಳ ಪೂರ್ಣ ಸರಣಿಯು 1988ರ ನಂತರ ಕೊಯ್ಲು ಗಣನೀಯವಾಗಿ ಹಿಂದಕ್ಕೆ ಸರಿದುದನ್ನು ತೋರಿಸಿತು. ಮಂಡ್ಯ ಸೀಮೆಯಲ್ಲಿ ಮಾವು ಹೂಬಿಟ್ಟ ದಿನವನ್ನು ಯಾವ ಶಾನುಭೋಗನೂ ಬರೆದಿಡಲಿಲ್ಲ. ಕಂದಾಯಕ್ಕೆ ಅದು ಬೇಕಾಗಿರಲಿಲ್ಲ. ಇಲ್ಲಿ ದೊರೆಯುವುದು ಶಾಸನಗಳ ಎಲ್ಲೆವಿವರ, ಪ್ರವಾಸಿಗಳ ಟಿಪ್ಪಣಿ, ಗೆಜೆಟಿಯರುಗಳು, ಅಣೆಕಟ್ಟೆಯ ನೀರಿನ ಮಟ್ಟದ ದಾಖಲೆ ಮತ್ತು ಮರಗಳು. ಕೊನೆಯದನ್ನು ಆಕರವೆಂದು ಎಣಿಸುವುದು ವಿಚಿತ್ರವೆನಿಸಬಹುದಾದರೂ ಅದರ ಅಗತ್ಯ ಮುಂದೆ ಸ್ಪಷ್ಟವಾಗುತ್ತದೆ.

ಮೊದಲ ಸ್ಪಷ್ಟ ಚಿತ್ರ ಹದಿನೆಂಟನೆಯ ಶತಮಾನದ ಕೊನೆಯದು. ಹೈದರಾಲಿಯು ಮಳವಳ್ಳಿಯನ್ನು ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದನು. ಅಲ್ಲಿಯ ಕೆರೆಯ ಬಳಿ ಟಿಪ್ಪು ಬೆಳೆಸಿದ ಹಣ್ಣಿನ ತೋಟವನ್ನು 1800ರಲ್ಲಿ ಈ ಮಾರ್ಗವಾಗಿ ಬಂದ ಫ್ರಾನ್ಸಿಸ್ ಬುಕಾನನ್ ಕಂಡನು. ಮಾವು ಮತ್ತು ಕಿತ್ತಳೆ ಅಲ್ಲಿಯ ಮುಖ್ಯ ಗಿಡಗಳು. ಅದಕ್ಕೆ ಒಂದು ವರ್ಷ ಹಿಂದೆ, 1799ರ ಮಾರ್ಚ್ 27ರಂದು, ಮಳವಳ್ಳಿಯ ಹತ್ತಿರವೇ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧ ನಡೆದಿತ್ತು. ರಾಜ್ಯ ಹೋಗಿ ತೋಟ ಉಳಿದಿತ್ತು. ತೋಟದ ಸ್ಥಾನ ಗಮನಾರ್ಹ: ಕೆರೆಯ ನೆರೆಯಲ್ಲಿ ನೆಲದ ತೇವ ಬೇಸಿಗೆಯಲ್ಲಿಯೂ ಆಳದಲ್ಲಿ ಉಳಿಯುತ್ತದೆ. ಗಿಡ ಎಳೆಯದಿದ್ದಾಗ ಕೈನೀರು ಸಾಕು. ಬೇರು ಇಳಿದ ಮೇಲೆ ಅದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಶ್ರೀರಂಗಪಟ್ಟಣದ ದ್ವೀಪದ ತೋಟಗಳಿಗೂ ಗಂಜಾಂನ ಹೆಸರಾದ ಅಂಜೂರಕ್ಕೂ ಕಾವೇರಿಯ ನೆರೆ ಇತ್ತು, ಮೇಲಾಗಿ ರಾಜಧಾನಿಯ ಕೂಲಿಯಾಳುಗಳಿದ್ದರು. ಮಳವಳ್ಳಿಯದು ಬಯಲುಸೀಮೆಯ ತೋಟ. ಬಯಲುಸೀಮೆಯಲ್ಲಿ ಹಣ್ಣಿನ ಮರವನ್ನು ಹೇಗೆ ನಿಲ್ಲಿಸಬೇಕೆಂಬ ಪ್ರಶ್ನೆಗೆ ಕೆರೆ ಮತ್ತು ಆಳವಾದ ಬೇರು ಎಂಬುದೇ ಆ ಕಾಲದ ಉತ್ತರವಾಗಿತ್ತು.

ಅರಸರ ತೋಟಗಳಷ್ಟೇ ಮುಖ್ಯವಾದದ್ದು ಊರಿನ ಗುಂಡುತೋಪು. ಮಾವು, ಹುಣಿಸೆ, ನೇರಳೆ, ಹಿಪ್ಪೆ, ಹೊಂಗೆ ಮರಗಳ ಈ ಸಾರ್ವಜನಿಕ ತೋಪುಗಳು ಹಳೆಯ ಮೈಸೂರಿನ ಹಳ್ಳಿಗಳ ಅಂಚಿನಲ್ಲಿ ಸಾಮಾನ್ಯವಾಗಿದ್ದವು. ಕಮಿಷನರ ಆಡಳಿತವೂ (1831-1881) ಸಾಲುಮರಗಳ ಜೊತೆಗೆ ತೋಪು ಬೆಳೆಸುವುದನ್ನು ಪ್ರೋತ್ಸಾಹಿಸಿತು. ಇವೆಲ್ಲ ಬೀಜದಿಂದ ಎದ್ದ ಮರಗಳು. ನೀರುಣಿಸುವವರಿರಲಿಲ್ಲ, ತಡೆದುಕೊಂಡವು ಉಳಿದವು, ಉಳಿದವು ಹೋದವು. 1876-78ರ ಮಹಾಕ್ಷಾಮ ಈ ಆಯ್ಕೆಯ ಅತ್ಯಂತ ಕ್ರೂರ ಘಟ್ಟ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಜನರೇ ಉಳಿಯದ ಕಾಲದಲ್ಲಿ ಮರಗಳ ಲೆಕ್ಕ ಇಟ್ಟವರು ಯಾರು? ಆದರೂ ಆ ಬರವನ್ನು ದಾಟಿ ಬಂದ ಬೀಜದ ಮಾವುಗಳ ವಂಶ ಇಪ್ಪತ್ತನೆಯ ಶತಮಾನಕ್ಕೆ ತಲುಪಿತೆಂಬುದು ಸಣ್ಣ ಸಂಗತಿಯಲ್ಲ.

ನಂತರದ ತಿರುವು ಎಲ್ಲರಿಗೂ ತಿಳಿದದ್ದು. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರ, ಅದರಿಂದ ಹೊರಟು ಹುಲಿಕೆರೆಯ ಸುರಂಗದ ಮೂಲಕ ಮಂಡ್ಯದ ಕಡೆಗೆ ಬಂದ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ), ನಾಲೆಯ ಪ್ರಯೋಗ ಕ್ಷೇತ್ರವಾಗಿ ಹುಟ್ಟಿ ಇಂದಿಗೂ ವಿ.ಸಿ. ಫಾರಂ ಎಂದೇ ಕರೆಸಿಕೊಳ್ಳುವ ಕೃಷಿ ಸಂಶೋಧನಾ ಕೇಂದ್ರ, ಲೆಸ್ಲಿ ಕೋಲ್ಮನ್‌ರ ಮುತುವರ್ಜಿಯಿಂದ 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮಂಡ್ಯ: ಇವು ಒಂದೇ ಸರಪಳಿಯ ಕೊಂಡಿಗಳು. ಬೆದ್ದಲು ಗದ್ದೆಯಾಯಿತು, ರಾಗಿಯ ಹೊಲದಲ್ಲಿ ಕಬ್ಬು ನಿಂತಿತು. ಈ ಬದಲಾವಣೆಯ ಸಾಮಾಜಿಕ ಚಿತ್ರವನ್ನು ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ನೆಲೆಸಿ ದಾಖಲಿಸಿದರು. ಅವರು ವಂಗಲ, ದಲೇನ ಎಂಬ ಕಲ್ಪಿತ ಹೆಸರು ಕೊಟ್ಟ ಆ ಹಳ್ಳಿಗಳಲ್ಲಿ ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದು ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. 1962ರಲ್ಲಿ ಪ್ರಕಟವಾದ ಅವರ ಗ್ರಂಥದ ತೀರ್ಮಾನ ಇಂದಿಗೂ ಚಿಂತನಾರ್ಹ: ನೀರು ಬಂದ ಹಳ್ಳಿ ಬೇಸಾಯದಲ್ಲಿಯೇ ಬೆಳೆದು ತನ್ನ ಹಳೆಯ ಸಂಬಂಧಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು, ನೀರು ಬಾರದ ಹಳ್ಳಿಯವರು ಹೊರಗಿನ ಉದ್ಯೋಗ, ವ್ಯಾಪಾರಗಳನ್ನು ಹಿಡಿದು ಹೆಚ್ಚು ಬದಲಾದರು.

ಎಪ್‌ಸ್ಟೀನ್‌ರ ಗಮನ ತೋಟಗಳ ಮೇಲೆ ಇರಲಿಲ್ಲ. ಆದರೆ ಅವರ ಗ್ರಂಥವನ್ನು ತೋಟದ ದೃಷ್ಟಿಯಿಂದ ಓದಿದಾಗ ಬೇರೊಂದು ಪ್ರಶ್ನೆ ಏಳುತ್ತದೆ. ನಾಲೆಯು ಭೂಮಿಗೆ ನೀರು ಕೊಟ್ಟಿತು. ಬದಲಿಗೆ ಏನನ್ನು ತೆಗೆದುಕೊಂಡಿತು? ಮೊದಲನೆಯದಾಗಿ, ತೋಪಿನ ನೆಲವನ್ನು. ನೀರು ಹರಿಯುವ ನೆಲದಲ್ಲಿ ಹತ್ತು ವರ್ಷ ಕಾದು ಹಣ್ಣು ಕೊಡುವ ಬೀಜದ ಮಾವಿಗೆ ಜಾಗ ಬಿಡುವುದು ಯಾವ ಲೆಕ್ಕದಲ್ಲಿಯೂ ಲಾಭವಾಗಿ ಕಾಣಲಿಲ್ಲ. ಎರಡನೆಯದಾಗಿ, ಕೆಲವೆಡೆ ನೆಲದ ಗುಣವನ್ನು: ಬಸಿಗಾಲುವೆಯಿಲ್ಲದ ತಗ್ಗುಗಳಲ್ಲಿ ಜೌಗು ಮತ್ತು ಚೌಳು ಕಾಣಿಸಿಕೊಂಡವು, ಬೇರು ಕೊಳೆತ ಮಾವಿಗೆ ಮದ್ದಿಲ್ಲ. ಮೂರನೆಯದು ಅರಿವಿಗೆ ಬಾರದಂತೆ ಹೋದದ್ದು. ಕಪಿಲೆ ಬಾವಿಯಿಂದ ಎಳೆಗಿಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರೆರೆಯಬೇಕು, ಬೇಸಿಗೆಯಲ್ಲಿ ಬುಡಕ್ಕೆ ಯಾವ ಸೊಪ್ಪು ಹೊದಿಸಬೇಕು, ಯಾವ ಮರ ತಡವಾಗಿ ಹೂಬಿಟ್ಟು ಅಕಾಲದ ಮಳೆಯಿಂದ ಪಾರಾಗುತ್ತದೆ ಎಂಬ ತಿಳುವಳಿಕೆಗೆ ಕೆಲಸವಿಲ್ಲದಾಯಿತು.

ಈ ತಿಳುವಳಿಕೆಯನ್ನು ಸರ್ಕಾರಿ ನೆಲೆಯಲ್ಲಿ ಮತ್ತೆ ಎತ್ತಿದವರು ಎಂ.ಎಚ್. ಮರಿಗೌಡರು. ನೆರೆಯ ಬನ್ನೂರು ಸೀಮೆಯವರಾದ ಅವರು 1963ರಲ್ಲಿ ಪ್ರತ್ಯೇಕಗೊಂಡ ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿ, ಮಳೆಯಾಶ್ರಿತ ಭೂಮಿಯಲ್ಲಿಯೂ ಮಾವು, ಸಪೋಟ, ಗೋಡಂಬಿಯಂತಹ ಗಟ್ಟಿ ಗಿಡಗಳನ್ನು ಬೆಳೆಸಬಹುದೆಂಬ ವಾದವನ್ನು ರಾಜ್ಯದುದ್ದಕ್ಕೂ ತೆಗೆದುಕೊಂಡು ಹೋದರು. ಸರ್ಕಾರಿ ಕ್ಷೇತ್ರಗಳು ಮತ್ತು ಸಸ್ಯಾಗಾರಗಳು ಈ ಕಾರ್ಯದ ಬೆನ್ನೆಲುಬು. ಅದರ ಫಲ ಕೋಲಾರ, ರಾಮನಗರಗಳ ಮಾವಿನ ವಿಸ್ತಾರದಲ್ಲಿ ಕಾಣುತ್ತದೆ. ಮದ್ದೂರು, ಮಳವಳ್ಳಿಗಳ ಎತ್ತರದ ಕೆಂಪು ನೆಲದಲ್ಲಿಯೂ ಒಂದಿಷ್ಟು ಕಾಣುತ್ತದೆ. ಒಂದು ಮಾತನ್ನು ಮಾತ್ರ ಸೇರಿಸಬೇಕು. ಸಸ್ಯಾಗಾರದಿಂದ ಬಂದದ್ದು ಕಸಿಗಿಡ: ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ. ಕಸಿಗಿಡ ಬೇಗ ಫಲ ಕೊಡುತ್ತದೆ, ಮಾರುಕಟ್ಟೆಗೆ ಒಂದೇ ಬಗೆಯ ಹಣ್ಣು ಸಿಗುತ್ತದೆ. ಆದರೆ ಒಂದು ತೋಟದ ಬಾದಾಮಿ ಮರಗಳೆಲ್ಲ ಒಂದೇ ತಾಯಿಯ ನಕಲುಗಳಾದುದರಿಂದ ಅವು ಹೆಚ್ಚುಕಡಿಮೆ ಒಟ್ಟಿಗೇ ಹೂಬಿಡುತ್ತವೆ, ಒಟ್ಟಿಗೇ ಸೋಲುತ್ತವೆ. ಮಾವು ಹೂಬಿಡಲು ಮಳೆ ನಿಂತ ಮೇಲಿನ ಒಣ, ತಂಪು ಹವೆಯ ಕೆಲವು ವಾರಗಳು ಬೇಕು. ನವೆಂಬರ್, ಡಿಸೆಂಬರ್‌ಗಳಲ್ಲಿ ಮಳೆ ಮುಂದುವರಿದರೆ ಗಿಡ ಹೂವಿನ ಬದಲು ಚಿಗುರು ಬಿಡುತ್ತದೆ. ಹೂವಿನ ಮೇಲೆ ಮೋಡ ಕವಿದರೆ ಬೂದಿರೋಗ, ಜಿಗಿಹುಳು ಬರುತ್ತವೆ. ಇವೆಲ್ಲ ಹಿಂದೆಯೂ ಆಗುತ್ತಿದ್ದವು. ಆಗ ತೋಪಿನ ಒಂದು ಮರ ಸೋತರೆ ಇನ್ನೊಂದು ನಿಲ್ಲುತ್ತಿತ್ತು.

ಈ ಸೀಮೆಯ ತೋಟವೆಂದರೆ ಇಂದು ಮುಖ್ಯವಾಗಿ ತೆಂಗು. ನಾಲೆಯ ಬದುಗಳ ಮೇಲೆ ಸಾಲಾಗಿ ನಿಂತಿದ್ದ ತೆಂಗು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗದ್ದೆಯೊಳಗೆ ಇಳಿಯಿತು. ಕಬ್ಬಿಗೆ ಬೇಕಾದ ಆಳುಗಳ ಅಭಾವ, ಕಾರ್ಖಾನೆಯ ಬಾಕಿ ಹಣ, ನೀರಿನ ಅನಿಶ್ಚಯ ಇವೆಲ್ಲ ಸೇರಿ ರೈತನನ್ನು ಆ ಕಡೆಗೆ ನೂಕಿದವು. ಮದ್ದೂರಿನ ಎಳನೀರು ಮಾರುಕಟ್ಟೆ ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಬೆಂಗಳೂರು, ಮೈಸೂರು ಹೆದ್ದಾರಿಯ ಮೇಲಿನ ಈ ಊರಿನಿಂದ ದೆಹಲಿ, ಮುಂಬಯಿಗಳವರೆಗೂ ಲಾರಿಗಳು ಹೊರಡುತ್ತವೆ. ಕೊಬ್ಬರಿಗೆ ಹನ್ನೊಂದು, ಹನ್ನೆರಡು ತಿಂಗಳು ಕಾಯಬೇಕು. ಎಳನೀರಿಗೆ ಆರೇಳು ತಿಂಗಳು ಸಾಕು. ಕೈಗೆ ಹಣ ಬೇಗ ಬರುತ್ತದೆ. ಕಾಯಿ ಬಲಿಯುವ ಮುನ್ನವೇ ಇಳಿಸುವುದರಿಂದ ಮರದ ಮೇಲಿನ ಹೊರೆಯೂ ಕಡಿಮೆ. ಈ ದೃಷ್ಟಿಯಿಂದ ಎಳನೀರಿನ ವ್ಯಾಪಾರವೇ ಒಂದು ಬಗೆಯ ಹೊಂದಾಣಿಕೆಯೆಂದು ವಾದಿಸಬಹುದು.

ಆದರೆ ತೆಂಗಿನ ನೆನಪು ಉದ್ದ. ಹೊಂಬಾಳೆಯ ಮೊಳಕೆ ಕಾಂಡದೊಳಗೆ ರೂಪುಗೊಳ್ಳಲು ಆರಂಭವಾದಂದಿನಿಂದ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕೆಂದು ತೆಂಗಿನ ವಿಜ್ಞಾನ ಹೇಳುತ್ತದೆ. ಈ ಅವಧಿಯ ಯಾವ ಹಂತದಲ್ಲಿ ಬರ ಬಿದ್ದರೂ ಅದರ ಗಾಯ ಮುಂದಿನ ಮೂರು, ನಾಲ್ಕು ವರ್ಷಗಳ ಇಳುವರಿಯಲ್ಲಿ ಕಾಣುತ್ತದೆ. 1916ರಲ್ಲಿ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಕಾಸರಗೋಡಿನ ಇಂದಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಕೆಲಸದ ಒಂದು ಮುಖ್ಯ ಭಾಗ ಇದೇ ವಿಷಯಕ್ಕೆ ಮೀಸಲಾದದ್ದು. ಬರ ಸಹಿಸುವ ಚಂದ್ರಕಲ್ಪದಂತಹ ತಳಿ, ಬುಡದ ಸುತ್ತ ತೆಂಗಿನ ಸಿಪ್ಪೆ ಹೂಳುವ ಪದ್ಧತಿ ಅಲ್ಲಿಂದ ಪ್ರಚಾರಕ್ಕೆ ಬಂದವು. ಎಂದರೆ ಮದ್ದೂರಿನ ಮಾರುಕಟ್ಟೆಗೆ ಒಂದು ವರ್ಷ ಬಂದಿಳಿಯುವ ಎಳನೀರಿನ ರಾಶಿಯಲ್ಲಿ ಮೂರು ವರ್ಷ ಹಿಂದಿನ ಮಳೆಯೂ ಇರುತ್ತದೆ. ಬೋನ್ ಪಟ್ಟಣದ ಕೊಯ್ಲಿನ ದಿನಾಂಕಕ್ಕೆ ಸಮನಾದ ಆಕರ ಮಂಡ್ಯ ಸೀಮೆಯಲ್ಲಿ ಇದ್ದರೆ ಅದು ಈ ಮಾರುಕಟ್ಟೆಯ ಆವಕದ ಪುಸ್ತಕಗಳೇ. ಇತಿಹಾಸದ ವಿದ್ಯಾರ್ಥಿಗಳು ಅವುಗಳ ಕಡೆಗೆ ಇನ್ನೂ ತಿರುಗಿಲ್ಲದಿರುವುದು ಆಶ್ಚರ್ಯ.

ಬರಗಳೂ ದೂರದೂರ ಬರುತ್ತಿಲ್ಲ. 2001ರಿಂದ ಸತತ ಮೂರು ವರ್ಷ, ಮತ್ತೆ 2012, 2016, 2023. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 124.80 ಅಡಿಯ ಕೃಷ್ಣರಾಜಸಾಗರ ಅಂತಹ ವರ್ಷಗಳಲ್ಲಿ ತುಂಬುವುದಿಲ್ಲ. ತುಂಬದ ವರ್ಷವೇ ತಮಿಳುನಾಡಿಗೆ ಬಿಡಬೇಕಾದ ನೀರಿನ ವಿವಾದವೂ ಏಳುತ್ತದೆ. 2018ರ ಫೆಬ್ರವರಿ 16ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತಾದರೂ, ಸಾಮಾನ್ಯ ವರ್ಷದ ಹಂಚಿಕೆಯು ಸಂಕಷ್ಟದ ವರ್ಷದ ಪ್ರಶ್ನೆಯನ್ನು ಬಗೆಹರಿಸಲಾರದೆಂಬುದು 2023ರ ಚಳವಳಿಗಳಲ್ಲಿ ಕಂಡಿತು. ಈ ಕಥನದಲ್ಲಿ ಮಂಡ್ಯವೆಂದರೆ ಒಂದೇ ಎಂಬಂತೆ ಮಾತನಾಡುವುದು ರೂಢಿ. ವಾಸ್ತವವಾಗಿ ನಾಲೆಯ ತಲೆಯ ಕಡೆಯ ರೈತನ ಬರವೂ ಮದ್ದೂರು, ಮಳವಳ್ಳಿಗಳ ಕೊನೆಯಂಚಿನ ರೈತನ ಬರವೂ ಬೇರೆ ಬೇರೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಕೊನೆಯಂಚಿಗೆ ತಲುಪುವ ಮೊದಲೇ ಸರದಿ ಮುಗಿದಿರುತ್ತದೆ. ಭತ್ತ ಹಾಕದೆ ಒಂದು ಹಂಗಾಮು ಬಿಡಬಹುದು, ತೆಂಗನ್ನು ಬಿಡಲಾಗದು. ಆಗ ಕೊಳವೆಬಾವಿ ತೋಡುತ್ತಾರೆ, ಸಾಲ ಮಾಡುತ್ತಾರೆ. ನುಸಿಪೀಡೆ 1990ರ ದಶಕದ ಕೊನೆಯಲ್ಲಿ, ಸುರುಳಿ ಬಿಳಿನೊಣ 2016ರ ನಂತರ ದಕ್ಷಿಣ ಭಾರತದ ತೆಂಗಿಗೆ ಬಂದವು. ಒಣಹವೆ ದೀರ್ಘವಾದಷ್ಟೂ ಇಂತಹ ಕೀಟಗಳ ಬಲ ಹೆಚ್ಚು. 2025ರಲ್ಲಿ ಎಳನೀರಿಗೂ ತೆಂಗಿನಕಾಯಿಗೂ ಹಿಂದೆಂದೂ ಇಲ್ಲದ ಬೆಲೆ ಬಂದಾಗ ಬಹಳ ಮಂದಿ ಬೆಳೆಗಾರರ ಮರದಲ್ಲಿ ಕಾಯಿ ಇರಲಿಲ್ಲ.

ಇಲ್ಲಿ ಕಿರುಗಾವಲಿನ ಪ್ರಸ್ತಾಪ ಅನಿವಾರ್ಯ. ಮಳವಳ್ಳಿ ತಾಲ್ಲೂಕಿನ ಈ ಊರಿನಲ್ಲಿ ಸೈಯದ್ ಘನಿ ಖಾನ್ ಅವರ ಮನೆತನಕ್ಕೆ ಸೇರಿದ ಬಡಾ ಬಾಗ್ ಎಂಬ ಹಳೆಯ ಮಾವಿನ ತೋಟವಿದೆ. ಟಿಪ್ಪುವಿನ ಕಾಲದ ತೋಟವೆಂಬುದು ಮನೆತನದ ಪರಂಪರೆಯ ಮಾತು. ಹತ್ತಿರದ ಮಳವಳ್ಳಿಯಲ್ಲಿ ಅದೇ ಕಾಲದ ತೋಟವನ್ನು ಬುಕಾನನ್ ಕಂಡಿರುವುದರಿಂದ ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನೂರಕ್ಕೂ ಹೆಚ್ಚು ಬಗೆಯ ಮಾವು ಇಲ್ಲಿ ಉಳಿದಿದೆ. ಹಣ್ಣಿನ ಆಕಾರ, ವಾಸನೆ, ರುಚಿಗಳನ್ನು ಹಿಡಿದು ಮರಗಳಿಗೆ ಹೆಸರಿಟ್ಟಿದ್ದಾರೆ. ಮೋಸಂಬಿಯ ರುಚಿಯ ಮಾವು ಒಂದಾದರೆ, ಜೀರಿಗೆಯ ಪರಿಮಳದ್ದು ಇನ್ನೊಂದು. ಘನಿ ಖಾನ್ ಹೆಸರಾದದ್ದು ನೂರಾರು ನಾಟಿ ಭತ್ತದ ತಳಿಗಳ ಸಂರಕ್ಷಕರಾಗಿ. ಸಾರ್ವಜನಿಕರ ಗಮನ ಭತ್ತದ ಸಂಗ್ರಹಕ್ಕೆ ಹರಿದಷ್ಟು ಮಾವಿಗೆ ಹರಿದಿಲ್ಲ. ಇತಿಹಾಸದ ದೃಷ್ಟಿಯಿಂದ ಮಾವೇ ಹೆಚ್ಚು ಅಪರೂಪದ್ದು. ಭತ್ತದ ತಳಿ ಪ್ರತಿವರ್ಷ ಬಿತ್ತಿದರೆ ಮಾತ್ರ ಉಳಿಯುತ್ತದೆ, ಹೀಗಾಗಿ ಅದು ಪ್ರತಿವರ್ಷ ಹೊಸದು. ಈ ಮರಗಳಲ್ಲಿ ಹಳೆಯವು ನಾಲೆ ಬರುವ ಮೊದಲಿನ ಹವಾಮಾನವನ್ನು ತಮ್ಮ ಮೈಮೇಲೆಯೇ ಉಂಡು ನಿಂತವು. ಇಲ್ಲಿಯ ಮರಗಳು ಏಕಕಾಲಕ್ಕೆ ಹೂಬಿಡುವುದಿಲ್ಲ, ಏಕಕಾಲಕ್ಕೆ ಮಾಗುವುದಿಲ್ಲ. ವ್ಯಾಪಾರಿಗೆ ಇದು ದೋಷ. ಲಾರಿ ತುಂಬುವಷ್ಟು ಒಂದೇ ಬಗೆಯ ಹಣ್ಣು ಒಂದೇ ದಿನ ಸಿಗದು. ಅಕಾಲದ ಮಳೆಗೆ ಎದುರಾಗಿ ನೋಡಿದರೆ ಅದೇ ಗುಣವಾಗುತ್ತದೆ.

ಇದರಿಂದ ಹಳೆಯ ತೋಪಿಗೆ ಮರಳಬೇಕೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಎರಡು ಎಕರೆಯ ಒಡೆಯ ನೂರು ಬಗೆಯ ಮಾವನ್ನು ಸಾಕಲಾರ. ಬಡಾ ಬಾಗ್ ಉಳಿದದ್ದು ಒಂದು ಮನೆತನದ ಹಟದಿಂದ, ಮಾರುಕಟ್ಟೆಯ ಬೆಂಬಲದಿಂದಲ್ಲ. ಆದರೆ ಹಳೆಯ ಮರದ ಕಡ್ಡಿಯನ್ನು ಹೊಸ ಬುಡಕ್ಕೆ ಕಸಿಮಾಡಿ, ಬಾದಾಮಿಯ ಸಾಲುಗಳ ನಡುವೆ ತಡವಾಗಿ ಹೂಬಿಡುವ ನಾಟಿ ಬಗೆಗಳನ್ನು ಸೇರಿಸುವುದು ಸಣ್ಣ ಹಿಡುವಳಿಯಲ್ಲಿಯೂ ಸಾಧ್ಯ. ನೀರಿನ ವಿಷಯದಲ್ಲಿ ಇದೇ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಗುಡ್ಡದ ಇಳಿಜಾರಿನಲ್ಲಿ ಕಟ್ಟೆಗಳನ್ನು ತೋಡಿದರು. 2022ರಲ್ಲಿ ಅವರು ತೀರಿಕೊಂಡಾಗ ಕಟ್ಟೆಗಳಲ್ಲಿ ನೀರಿತ್ತು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಕೃಷಿಹೊಂಡಗಳು ಇದೇ ತತ್ತ್ವದ ಸರ್ಕಾರಿ ರೂಪ. ತೆಂಗಿನ ಬುಡಕ್ಕೆ ಹನಿ ನೀರಾವರಿ, ಗರಿ ಸಿಪ್ಪೆಗಳ ಹೊದಿಕೆ, ನಡುವೆ ಬಾಳೆ, ಕೋಕೋ, ಜಾಯಿಕಾಯಿ ಸೇರಿಸುವ ಮಿಶ್ರ ಬೇಸಾಯ ಇವೂ ಹರಡುತ್ತಿವೆ. ಹರಡದಿರುವ ಕಡೆ ಕಾರಣ ಅಜ್ಞಾನವೆಂದು ಹೇಳುವುದು ಸುಲಭ. ಹನಿ ನೀರಾವರಿಗೆ ದಿನವೂ ಸ್ವಲ್ಪ ನೀರು ಬೇಕು. ನಾಲೆಯು ಹದಿನೈದು ದಿನಕ್ಕೊಮ್ಮೆ ಗದ್ದೆ ಮುಳುಗುವಷ್ಟು ಕೊಡುತ್ತದೆ ಅಥವಾ ಏನನ್ನೂ ಕೊಡುವುದಿಲ್ಲ. ಭತ್ತ, ಕಬ್ಬುಗಳಿಗೆಂದು ರೂಪಿಸಿದ ನಾಲೆಯ ನಿಯಮವನ್ನು ತೋಟಕ್ಕೆ ಹೊಂದಿಸುವ ಪ್ರಶ್ನೆ ತೊಂಬತ್ತು ವರ್ಷಗಳ ನಂತರವೂ ಗಂಭೀರವಾಗಿ ಚರ್ಚೆಗೆ ಬಂದಿಲ್ಲ.

ದಾಖಲೆಯ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಪಹಣಿಯಲ್ಲಿ ಮರಗಳ ಹೆಸರು ಮತ್ತು ಸಂಖ್ಯೆಗೆ ಒಂದು ಅಂಕಣವಿದೆ. ಅದನ್ನು ತುಂಬಿದ ಕಡೆಯೂ ಇರುವುದು ಮಾವು, ತೆಂಗು, ಹುಣಿಸೆ ಎಂಬ ಜಾತಿಯ ಹೆಸರು ಮಾತ್ರ. ಯಾವ ಮಾವು, ಯಾವ ತಿಂಗಳಲ್ಲಿ ಹೂಬಿಡುವಂಥದು, ಯಾವ ಬರವನ್ನು ಕಂಡದ್ದು ಎಂಬುದು ಅದರಲ್ಲಿಲ್ಲ. ಅದನ್ನು ಬಲ್ಲವರು ಫಸಲನ್ನು ಹೂವಿನಲ್ಲಿಯೇ ಗುತ್ತಿಗೆ ಹಿಡಿಯುತ್ತಿದ್ದ ಹಳೆಯ ವ್ಯಾಪಾರಿಗಳು ಮತ್ತು ಮರ ಹತ್ತುತ್ತಿದ್ದ ಆಳುಗಳು. ಅವರ ಪೈಕಿ ಲೆಕ್ಕದ ಪುಸ್ತಕ ಇಟ್ಟವರು ಕೆಲವರೇ. ಆ ಪುಸ್ತಕಗಳು ಇಂದು ಮನೆಗಳ ಅಟ್ಟದಲ್ಲಿವೆ.